ಬ್ಯಾಕ್‌ಲಿಂಕ್ ಹೋಮ್ ಪೇಜಿಗೆ ಬರಬೇಕೋ, ಒಳಪುಟಕ್ಕೋ?

ಕಾಫಿ ಪುಡಿ ಮಾರುವ ಒಂದು ಸಣ್ಣ ವೆಬ್‌ಸೈಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಗಡಿ ಚಿಕ್ಕಮಗಳೂರಿನಲ್ಲಿದೆ, ಪಾರ್ಸೆಲ್ ಎಲ್ಲ ಕಡೆಗೂ ಹೋಗುತ್ತದೆ. ಸೈಟಿನಲ್ಲಿ ಒಂದು ಹೋಮ್ ಪೇಜ್. ಅದರ ಕೆಳಗೆ ಫಿಲ್ಟರ್ ಕಾಫಿ ಪುಡಿ, ಹುರಿದ ಬೀಜ, ಫಿಲ್ಟರ್ ಪಾತ್ರೆಗಳು ಎಂಬ ವಿಭಾಗಗಳು. ಪ್ರತಿ ವಿಭಾಗದೊಳಗೆ ಒಂದೊಂದು ಸರಕಿಗೂ ಒಂದೊಂದು ಪುಟ. ಜೊತೆಗೆ ಡಿಕಾಕ್ಷನ್, ಚಿಕೋರಿ, ಹುರಿಯುವ ಹದ ಇಂಥ ವಿಷಯಗಳ ಮೇಲೆ ಇಪ್ಪತ್ತು ಮೂವತ್ತು ಲೇಖನಗಳು. ಬೇರೆ ಯಾರೋ ತಮ್ಮ ಸೈಟಿನಿಂದ ಈ ಸೈಟಿಗೆ ಲಿಂಕ್ ಕೊಡಲು ಒಪ್ಪಿದ್ದಾರೆ. ಹೀಗೆ ಹೊರಗಿನಿಂದ ಬರುವ ಲಿಂಕೇ ಬ್ಯಾಕ್‌ಲಿಂಕ್. ಯಾವ ಪುಟದ ವಿಳಾಸ ಕೊಡಬೇಕು?

ಹೆಚ್ಚಿನವರು ಯೋಚಿಸದೆ ಹೋಮ್ ಪೇಜಿನ ವಿಳಾಸ ಕೊಡುತ್ತಾರೆ. ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಎಸ್‌ಇಒ ವಿದ್ಯೆಯ ಬಗ್ಗೆ ಅಷ್ಟಿಷ್ಟು ಓದಿದವರು ಮಾರಾಟದ ಪುಟಕ್ಕೇ ಬೇಕು ಎನ್ನುತ್ತಾರೆ. ನಮ್ಮ ಪ್ರಕಾರ ನೋಡಬೇಕಾದದ್ದು ಲಿಂಕ್ ಕೂರುವ ವಾಕ್ಯವನ್ನು. ಅದನ್ನು ಓದಿ ಕ್ಲಿಕ್ ಮಾಡಿದವರಿಗೆ ಯಾವ ಪುಟ ಸಿಕ್ಕರೆ ಸಮಾಧಾನವೋ ಆ ಪುಟಕ್ಕೇ ಲಿಂಕ್ ಹೋಗಬೇಕು. ಅಲ್ಲಿಂದ ಮುಂದೆ ಲಿಂಕ್ ತಂದ ಬಲವನ್ನು, ಎಂದರೆ ಗೂಗಲ್ ಫಲಿತಾಂಶದಲ್ಲಿ ಮೇಲೇರಲು ನೆರವಾಗುವ ಮಹತ್ವವನ್ನು, ಬೇಕಾದ ಪುಟಕ್ಕೆ ಸಾಗಿಸುವುದು ಸೈಟಿನೊಳಗಿನ ಲಿಂಕ್‌ಗಳ ಕೆಲಸ. ಎಷ್ಟೋ ಸೈಟುಗಳಲ್ಲಿ ಈ ಎರಡನೆಯ ಭಾಗವೇ ಕೆಟ್ಟಿರುತ್ತದೆ. ಹೊರಗಿನಿಂದ ಎಷ್ಟು ಲಿಂಕ್ ತಂದರೂ ಫಲ ಕಾಣದಿರುವುದಕ್ಕೆ ಮುಖ್ಯ ಕಾರಣ ಅದು.

ಬಲ ಹಂಚಿಕೆಯಾಗುವ ಲೆಕ್ಕ

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ, ಬಂದ ಲಿಂಕ್‌ಗಳಿಂದ ಪುಟದ ಮಹತ್ವ ಅಳೆಯುವ ಪೇಜ್‌ರ‍್ಯಾಂಕ್ ಎಂಬ ಲೆಕ್ಕವನ್ನು ವಿವರಿಸಿದರು. ಗೂಗಲ್ ಹುಟ್ಟಿದ್ದೇ ಅದರ ಮೇಲೆ. ಆ ಲೆಕ್ಕದಲ್ಲಿ ಅಂಕ ಸಿಗುವುದು ಪುಟಕ್ಕೆ, ಇಡೀ ಸೈಟಿಗಲ್ಲ. ಒಂದು ಪುಟ ತನಗೆ ಬಂದ ಅಂಕದ ಶೇ. 85ರಷ್ಟನ್ನು ತನ್ನಲ್ಲಿರುವ ಎಲ್ಲ ಲಿಂಕ್‌ಗಳಿಗೆ ಸಮಪಾಲು ಮಾಡಿ ಮುಂದಕ್ಕೆ ಕೊಡುತ್ತದೆ. ಇಂದಿನ ಗೂಗಲ್ ಇದಕ್ಕಿಂತ ಬಹಳ ಜಟಿಲವಾಗಿದೆ. ಪುಟದ ಮಧ್ಯದಲ್ಲಿ, ಓದುವವರು ಒತ್ತುವ ಸಾಧ್ಯತೆ ಹೆಚ್ಚಿರುವ ಲಿಂಕಿಗೆ ಹೆಚ್ಚು ಪಾಲು ಕೊಡುವ ಕ್ರಮಕ್ಕೆ ಅದು ಪೇಟೆಂಟನ್ನೂ ಪಡೆದಿದೆ. ಆದರೂ ಬಲ ಯಾವ ದಿಕ್ಕಿಗೆ, ಎಷ್ಟು ತೆಳುವಾಗಿ ಹರಿಯುತ್ತದೆ ಎಂದು ತಿಳಿಯಲು ಹಳೆಯ ಲೆಕ್ಕವೇ ಸಾಕು.

ನಮ್ಮ ಕಾಫಿ ಸೈಟಿನ ಹೋಮ್ ಪೇಜಿಗೆ ಹೊರಗಿನಿಂದ 100 ಅಂಕ ಬಂತು ಎನ್ನೋಣ. ಮೆನು, ಬ್ಯಾನರ್, ಅಡಿಭಾಗ ಎಲ್ಲ ಸೇರಿ ಆ ಪುಟದಲ್ಲಿ 50 ಲಿಂಕ್‌ಗಳಿವೆ. ನೂರರಲ್ಲಿ 85 ಅಂಕ 50 ಪಾಲಾದರೆ ಒಂದೊಂದಕ್ಕೆ 1.7. ಹೀಗೆ 1.7 ಪಡೆದ ಫಿಲ್ಟರ್ ಕಾಫಿ ಪುಡಿ ವಿಭಾಗದಲ್ಲಿ 40 ಲಿಂಕ್‌ಗಳಿದ್ದರೆ, ಅದರ ಕೆಳಗಿನ ಒಂದು ಪೀಬೆರಿ ಪುಡಿಯ ಪುಟಕ್ಕೆ ತಲುಪುವುದು ಸುಮಾರು 0.036. ನೂರು ಅಂಕ ಬಿಟ್ಟರೂ ಕಾಲುವೆಯ ಕೊನೆ ಭಾಗದ ಜಮೀನಿಗೆ ಬಂದ ನೀರಿನಷ್ಟೇ ಇದು. ಅದೇ ಪುಟಕ್ಕೆ ಹೊರಗಿನಿಂದ ನೇರವಾಗಿ 1 ಅಂಕದ ಲಿಂಕ್ ಬಂದಿದ್ದರೆ? ಅಷ್ಟನ್ನು ಹೋಮ್ ಪೇಜಿನ ಮೂಲಕ ಇದೇ ದಾರಿಯಲ್ಲಿ ತಲುಪಿಸಬೇಕಾದರೆ ಹೋಮ್ ಪೇಜಿಗೆ ಸುಮಾರು 2,770 ಅಂಕ ಬರಬೇಕಿತ್ತು.

ಇದರಿಂದ ಒಳಪುಟದ ಲಿಂಕ್ ಮೇಲು ಎಂದು ಹೊರಡುವ ಮುಂಚೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಹೋಮ್ ಪೇಜಿನಲ್ಲೇ ಆ ಪೀಬೆರಿ ಪುಟಕ್ಕೆ ಒಂದು ನೇರ ಲಿಂಕ್ ಇಟ್ಟರೆ ಅದಕ್ಕೂ ಸುಮಾರು 1.7 ಸಿಗುತ್ತದೆ. ಮೊದಲಿನದಕ್ಕಿಂತ 47 ಪಟ್ಟು ಹೆಚ್ಚು, ಖರ್ಚು ಐದು ನಿಮಿಷ. ಹೊರಗಿನವರಿಗೆ ಲಿಂಕ್ ಕೇಳಿ ಇಮೇಲ್ ಕಳಿಸುವ ಮೊದಲು ಮಾಡಬೇಕಾದ ಕೆಲಸ ಇದು. ಎಲ್ಲ ಪುಟಗಳನ್ನೂ ಹೋಮ್ ಪೇಜಿಗೆ ತುಂಬಲು ಹೋದರೆ ಮತ್ತೆ ಪಾಲು ತೆಳುವಾಗುತ್ತದೆ. ಹಾಗಾಗಿ ಮೂರೋ ನಾಲ್ಕೋ ಪುಟಗಳನ್ನು ಆರಿಸಿಕೊಳ್ಳಿ.

ಮೆನುವಿನ ಬೇಡದ ಲಿಂಕ್‌ಗಳಿಗೆ ನೋಫಾಲೋ (ಈ ಲಿಂಕಿಗೆ ಬಲ ಕೊಡಬೇಡ ಎಂದು ಗೂಗಲ್‌ಗೆ ಹೇಳುವ ಗುರುತು) ಹಾಕಿ ಉಳಿದವುಗಳ ಪಾಲು ಹೆಚ್ಚಿಸುವ ಉಪಾಯವನ್ನು ಈಗಲೂ ಹೇಳಿಕೊಡುವವರಿದ್ದಾರೆ. ಅದು ನಡೆಯುವುದಿಲ್ಲ. ಗೂಗಲ್‌ನಲ್ಲಿದ್ದ ಮ್ಯಾಟ್ ಕಟ್ಸ್ 2009ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಪಾಲು ಮಾಡುವಾಗ ನೋಫಾಲೋ ಲಿಂಕೂ ಎಣಿಕೆಗೆ ಬರುತ್ತದೆ, ಅದರ ಪಾಲು ಮಾತ್ರ ಯಾರಿಗೂ ಸಿಗದೆ ಹೋಗುತ್ತದೆ.

ಬಲ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವುದೂ ಅಲ್ಲ. ಪ್ರತಿ ಒಳಪುಟದ ತಲೆಯಲ್ಲೂ ಲೋಗೊ ಇರುತ್ತದೆ, ಅದು ಹೋಮ್ ಪೇಜಿಗೆ ಲಿಂಕ್. ಮೆನುವೂ ಇರುತ್ತದೆ. ಆದ್ದರಿಂದ ಒಂದು ಲೇಖನಕ್ಕೆ ಬಂದ ಒಳ್ಳೆಯ ಲಿಂಕ್ ಹೋಮ್ ಪೇಜಿಗೂ ವಿಭಾಗಗಳಿಗೂ ಒಂದಿಷ್ಟು ಕೊಡುತ್ತದೆ. ಹೆಚ್ಚು ಪಾಲು ಮಾತ್ರ ಬಿದ್ದ ಜಾಗದ ಹತ್ತಿರವೇ ಉಳಿಯುತ್ತದೆ.

ಹೋಮ್ ಪೇಜಿಗೆ ಬರುವ ಲಿಂಕ್ ಯಾವುದಕ್ಕೆ ಬೇಕು

ಹೋಮ್ ಪೇಜಿಗೆ ಲಿಂಕ್ ಕೊಡುವವರು ಸಾಮಾನ್ಯವಾಗಿ ಅಂಗಡಿಯ ಹೆಸರು ಹೇಳುವವರು. ಪತ್ರಿಕೆಯ ವರದಿ, ವ್ಯಾಪಾರಿ ಸಂಘದ ಸದಸ್ಯರ ಪಟ್ಟಿ, ಮೇಳದ ಪ್ರಾಯೋಜಕರ ಪುಟ, ಸರಕು ಪೂರೈಸುವವರ ಸೈಟು, ಇವೆಲ್ಲ ಹೆಸರಿನ ಮೇಲೆ ಲಿಂಕ್ ಹಾಕುತ್ತವೆ. ಅದು ಸಹಜ, ಹಾಗೆಯೇ ಇರಲಿ. ಹೆಸರು ಹಾಕಿ ಹುಡುಕಿದಾಗ ಸೈಟು ಮೊದಲು ಬರಲು, ಹೊಸ ಸೈಟನ್ನು ಗೂಗಲ್ ಬೇಗ ಕಂಡುಹಿಡಿಯಲು, ಹೊಸ ಪುಟಗಳಿಗೆ ಪುಟಗಳನ್ನು ಓದುತ್ತ ತಿರುಗುವ ಅದರ ಪ್ರೋಗ್ರಾಂ, ಕ್ರಾಲರ್, ಪದೇ ಪದೇ ಬರುತ್ತಿರಲು ಈ ಲಿಂಕ್‌ಗಳು ನೆರವಾಗುತ್ತವೆ. ಸೈಟು ಶುರುವಾದ ಮೊದಲ ತಿಂಗಳುಗಳಲ್ಲಿ ಇಂಥವೇ ಹೆಚ್ಚು ಬಂದರೆ ಚಿಂತಿಸಬೇಕಿಲ್ಲ.

ಕೆಲವು ವ್ಯವಹಾರಗಳಿಗೆ ಹೋಮ್ ಪೇಜೇ ಎಲ್ಲ. ಸಕಲೇಶಪುರದ ಒಂದು ಹೋಮ್‌ಸ್ಟೇ, ಒಬ್ಬ ದಂತವೈದ್ಯರ ಕ್ಲಿನಿಕ್, ಒಂದೇ ಸೇವೆ ಕೊಡುವ ಕಚೇರಿ ಇವುಗಳ ಸೈಟಿನಲ್ಲಿ ನಾಲ್ಕೈದು ಪುಟಗಳಿರುತ್ತವೆ. ಹುಡುಕುವವರಿಗೆ ಬೇಕಾದದ್ದು ಹೋಮ್ ಪೇಜಿನಲ್ಲೇ ಇರುತ್ತದೆ. ಅಲ್ಲಿ ಒಳಪುಟಕ್ಕೆ ಲಿಂಕ್ ತರಲು ಹೊರಡುವುದು ವ್ಯರ್ಥ ಶ್ರಮ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಸುಲಭದ ದಾರಿ ಇದೆ. ನೀವು ಮೇಲೆ ಬರಬೇಕೆಂದಿರುವ ಹುಡುಕಾಟದ ಪದಗಳನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಗೂಗಲ್‌ಗೆ ಹಾಕಿ. ಜಾಹೀರಾತು ಬಿಟ್ಟು ಮೊದಲ ಹತ್ತು ಫಲಿತಾಂಶಗಳ ವಿಳಾಸ ನೋಡಿ. ಹೆಚ್ಚಿನವು ಹೋಮ್ ಪೇಜ್‌ಗಳಾದರೆ ಆ ಹುಡುಕಾಟಕ್ಕೆ ಹೋಮ್ ಪೇಜನ್ನೇ ಬಲಪಡಿಸಿ. ವಿಭಾಗದ ಪುಟಗಳಾದರೆ ನಿಮ್ಮ ವಿಭಾಗದ ಪುಟವನ್ನು, ಲೇಖನಗಳಾದರೆ ಲೇಖನವನ್ನು. ಹೋಮ್ ಪೇಜಿಗೆ ಶೇಕಡಾ ಇಷ್ಟು, ಒಳಪುಟಕ್ಕೆ ಶೇಕಡಾ ಇಷ್ಟು ಎಂಬ ಸಿದ್ಧ ಸೂತ್ರಗಳನ್ನು ಮಾರುವವರನ್ನು ನಂಬಬೇಡಿ. ಅಂಥ ಪ್ರಮಾಣವನ್ನು ಗೂಗಲ್ ಎಲ್ಲೂ ಹೇಳಿಲ್ಲ. ಸುದ್ದಿತಾಣಕ್ಕೂ ಹೋಮ್‌ಸ್ಟೇಗೂ ಒಂದೇ ಅಳತೆ ಹೊಂದುವುದು ಸಾಧ್ಯವೂ ಇಲ್ಲ.

ಎಸ್‌ಇಒ ಸಾಧನಗಳನ್ನು ಮಾರುವ ಮಾಜ್‌ನ ಡೊಮೇನ್ ಅಥಾರಿಟಿ, ಅಹ್ರೆಫ್ಸ್‌ನ ಡೊಮೇನ್ ರೇಟಿಂಗ್ ಎಂಬ ಅಂಕಗಳ ಬಗ್ಗೆಯೂ ಎಚ್ಚರ ಬೇಕು. ಇವು ಆ ಕಂಪನಿಗಳ ಸ್ವಂತ ಅಂದಾಜುಗಳು, ಗೂಗಲ್ ಇವನ್ನು ಬಳಸುವುದಿಲ್ಲ. ಇಡೀ ಡೊಮೇನಿಗೆ ಒಂದೇ ಅಂಕ ಕೊಡುವುದರಿಂದ ಲಿಂಕ್ ಯಾವ ಪುಟಕ್ಕೆ ಬಂದರೂ ಅಂಕ ಏರುತ್ತದೆ. ಮಾರಾಟವಾಗಬೇಕಾದ ಪುಟ ಇದ್ದಲ್ಲೇ ಇರುತ್ತದೆ, ವರದಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಒಳಪುಟಗಳಲ್ಲಿ ಲಿಂಕ್ ಗಳಿಸುವುದು ಯಾವುದು

ಅರ್ಧ ಕಿಲೋ ಪೀಬೆರಿ ಪುಡಿಯ ಪುಟಕ್ಕೆ ಯಾರೂ ತಾವಾಗಿ ಲಿಂಕ್ ಕೊಡುವುದಿಲ್ಲ. ಅದರಿಂದ ಅವರ ಓದುಗರಿಗೆ ಏನೂ ತಿಳಿಯುವುದಿಲ್ಲ. ಚಿಕೋರಿ ಬಗ್ಗೆ ಖಚಿತವಾಗಿ ಬರೆದ ಲೇಖನಕ್ಕೆ ಮಾತ್ರ ಕೊಡುತ್ತಾರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ನಮ್ಮ ದೇಶದ ನಿಯಮ. ಇದನ್ನು ಹೇಳಿ, 80-20, 70-30, 60-40 ಮಿಶ್ರಣಗಳಲ್ಲಿ ಡಿಕಾಕ್ಷನ್‌ನ ಬಣ್ಣ, ಗಟ್ಟಿತನ, ಕಹಿ ಹೇಗೆ ಬದಲಾಗುತ್ತದೆ ಎಂದು ನಿಮ್ಮದೇ ಅಳತೆ ಮತ್ತು ಚಿತ್ರಗಳೊಂದಿಗೆ ತೋರಿಸಿದರೆ ಅಡುಗೆ ಬರೆಯುವವರಿಗೆ, ಪತ್ರಕರ್ತರಿಗೆ, ಕಾಫಿ ಪ್ರಿಯರ ಬ್ಲಾಗುಗಳಿಗೆ ಲಿಂಕ್ ಕೊಡಲು ಕಾರಣ ಸಿಗುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಪಡೆದ ಐದು ಕಾಫಿಗಳಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳು ಕರ್ನಾಟಕದವು. ಇವುಗಳ ಬೆಳೆಯುವ ಎತ್ತರ, ಸಂಸ್ಕರಣೆ, ರುಚಿಯ ವ್ಯತ್ಯಾಸಗಳನ್ನು ಒಂದೇ ಕಡೆ ಸರಿಯಾಗಿ ಕೊಟ್ಟ ಕನ್ನಡದ ಪುಟವೂ ಅಂಥದ್ದೇ.

ಮುಂದಿನ ಹೆಜ್ಜೆಯನ್ನೇ ಜನ ಮರೆಯುತ್ತಾರೆ. ಚಿಕೋರಿ ಲೇಖನಕ್ಕೆ ಹತ್ತು ಸೈಟುಗಳಿಂದ ಲಿಂಕ್ ಬಂದಿದೆ, ಆದರೆ ಲೇಖನದ ಮೈಯಲ್ಲಿ ಸೈಟಿನ ಬೇರೆ ಪುಟಕ್ಕೆ ಒಂದೂ ಲಿಂಕ್ ಇಲ್ಲ. ಓದುಗರು ಓದಿ ಹೊರಟುಹೋಗುತ್ತಾರೆ, ಬಂದ ಬಲವೂ ಮೆನು, ಅಡಿಭಾಗದ ಲಿಂಕ್‌ಗಳಲ್ಲಿ ಚದುರಿಹೋಗುತ್ತದೆ. 70-30 ಮಿಶ್ರಣದ ಮಾತು ಬಂದಲ್ಲಿ ಆ ಪುಡಿಯ ಪುಟಕ್ಕೆ, ಲೇಖನದ ಮೊದಲ ಮೂರನೇ ಒಂದು ಭಾಗದಲ್ಲೇ ಫಿಲ್ಟರ್ ಕಾಫಿ ಪುಡಿ ವಿಭಾಗಕ್ಕೆ ಒಂದೊಂದು ಲಿಂಕ್ ಹಾಕಿ. ಒಂದು ಲೇಖನಕ್ಕೆ ಇಂಥ ಎರಡರಿಂದ ಐದು ಲಿಂಕ್ ಸಾಕು. ಪ್ರತಿ ಸಾಲಿಗೂ ನೀಲಿ ಬಣ್ಣ ಹಚ್ಚಿದರೆ ಯಾವುದನ್ನೂ ಯಾರೂ ಒತ್ತುವುದಿಲ್ಲ.

ಆ್ಯಂಕರ್ ಪದಗಳು

ಲಿಂಕ್ ಕೂತಿರುವ ಪದಗಳನ್ನು ಆ್ಯಂಕರ್ ಎನ್ನುತ್ತಾರೆ. ಆ ತುದಿಯ ಪುಟ ಯಾವುದರ ಬಗ್ಗೆ ಎಂದು ಗೂಗಲ್ ಇದರಿಂದಲೂ ಊಹಿಸುತ್ತದೆ. ಹೋಮ್ ಪೇಜಿನ ಲಿಂಕ್‌ಗಳಲ್ಲಿ ಆ್ಯಂಕರ್ ಹೆಚ್ಚಾಗಿ ಅಂಗಡಿಯ ಹೆಸರೇ ಆಗಿರುತ್ತದೆ, ಹಾಗೆಯೇ ಇರಬೇಕು. ಅಪಾಯ ಇರುವುದು ಒಳಪುಟಗಳಲ್ಲಿ. 2012ರ ಏಪ್ರಿಲ್ 24ರಂದು ಗೂಗಲ್ ಕೃತಕ ಲಿಂಕ್‌ಗಳನ್ನು ಹಿಡಿಯುವ ಪೆಂಗ್ವಿನ್ ಅಪ್‌ಡೇಟ್ ತಂದಾಗ ಪೆಟ್ಟು ತಿಂದವರಲ್ಲಿ ಇಂಥವರು ಬಹಳ: ಒಂದೇ ಮಾರಾಟದ ಪುಟ, ಹೊರಗಿನ ಹತ್ತಾರು ಸೈಟುಗಳಿಂದ ಅಕ್ಷರವೂ ಬದಲಾಗದ ಒಂದೇ ಆ್ಯಂಕರ್. 2016ರ ಸೆಪ್ಟೆಂಬರಿನಿಂದ ಪೆಂಗ್ವಿನ್ ಗೂಗಲ್‌ನ ಮುಖ್ಯ ವ್ಯವಸ್ಥೆಯೊಳಗೇ ಸೇರಿದೆ. ಅಂಥ ಲಿಂಕ್‌ಗಳನ್ನು ಈಗ ಬಹುಪಾಲು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೊಟ್ಟು ತಂದ ಲಿಂಕಿಗೆ ಸ್ಪಾನ್ಸರ್ಡ್ ಅಥವಾ ನೋಫಾಲೋ ಗುರುತು ಇಲ್ಲದಿದ್ದರೆ ಅದು ನಿಯಮದ ಉಲ್ಲಂಘನೆ, ಗೂಗಲ್‌ನ ಸಿಬ್ಬಂದಿಯೇ ನೋಡಿ ಸೈಟಿಗೆ ದಂಡನೆ ಕೊಡುವುದೂ ಉಂಟು.

ಕನ್ನಡದಲ್ಲಿ ಸಹಜ ಆ್ಯಂಕರ್ ತಾನಾಗಿಯೇ ಬದಲಾಗುತ್ತಿರುತ್ತದೆ. ಒಬ್ಬರು ಚಿಕೋರಿಯ ಪ್ರಮಾಣ ಎಂದರೆ ಇನ್ನೊಬ್ಬರು ಚಿಕೋರಿ ಎಷ್ಟು ಬೆರೆಸಬೇಕೆಂಬುದನ್ನು ಎನ್ನುತ್ತಾರೆ. ವಿಭಕ್ತಿ ಪ್ರತ್ಯಯ ಕಿತ್ತು, ವಾಕ್ಯಕ್ಕೆ ಹೊಂದದಂತೆ ಮೂಲಪದವನ್ನು ತುರುಕುವ ಅಗತ್ಯವಿಲ್ಲ. ಹೊರಗಿನವರ ಪದಗಳನ್ನು ಅವರಿಗೇ ಬಿಡಿ. ನಿಮ್ಮ ಸೈಟಿನೊಳಗಿನ ಲಿಂಕ್‌ಗಳ ಪದಗಳು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿವೆ. 'ಇಲ್ಲಿ ಕ್ಲಿಕ್ ಮಾಡಿ', 'ಇದನ್ನೂ ಓದಿ' ಎಂದು ಅವನ್ನು ವ್ಯರ್ಥ ಮಾಡದೆ, ಒತ್ತಿದರೆ ಏನು ಸಿಗುತ್ತದೆ ಎಂಬುದನ್ನೇ ಬರೆಯಿರಿ.

ಬಂದ ಲಿಂಕ್ ಸೋರಿಹೋಗುವ ಜಾಗಗಳು

ಒಳಪುಟಕ್ಕೆ ಬಂದ ಲಿಂಕ್ ಹೋಮ್ ಪೇಜಿಗೆ ಬಂದದ್ದಕ್ಕಿಂತ ಬೇಗ ಹಾಳಾಗುತ್ತದೆ. ಹೋಮ್ ಪೇಜಿನ ವಿಳಾಸ ವರ್ಷಗಟ್ಟಲೆ ಬದಲಾಗುವುದಿಲ್ಲ, ಒಳಪುಟಗಳು ಅಳಿಯುತ್ತಿರುತ್ತವೆ. ಸರಕು ಮುಗಿಯಿತೆಂದು ಪುಟ ತೆಗೆದರೆ, ಸೈಟಿನ ವಿನ್ಯಾಸ ಬದಲಿಸುವಾಗ ವಿಳಾಸಗಳನ್ನು ತಿದ್ದಿದರೆ, ಅದಕ್ಕೆ ಬಂದಿದ್ದ ಲಿಂಕ್‌ಗಳೆಲ್ಲ 'ಪುಟ ಸಿಗಲಿಲ್ಲ' ಎನ್ನುವ 404ಕ್ಕೆ ಹೋಗಿ ಬೀಳುತ್ತವೆ. ಪರಿಹಾರ 301 ರಿಡೈರೆಕ್ಟ್, ಎಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ಖಾಯಂ ಆಗಿ ಬೇರೆ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ. ಅದನ್ನು ಮಾಡುವಾಗಲೇ ದೊಡ್ಡ ತಪ್ಪು ಆಗುವುದು: ಎಲ್ಲ ಹಳೆಯ ಪುಟಗಳನ್ನೂ ಹೋಮ್ ಪೇಜಿಗೆ ತಿರುಗಿಸಿಬಿಡುತ್ತಾರೆ. ಹಳೆಯ ವಿಷಯಕ್ಕೂ ಹೋಮ್ ಪೇಜಿಗೂ ಸಂಬಂಧ ಕಾಣದಿದ್ದಾಗ ಗೂಗಲ್ ಅದನ್ನು ಸಾಫ್ಟ್ 404, ಎಂದರೆ ಇಲ್ಲದ ಪುಟ ಎಂದೇ ಪರಿಗಣಿಸುತ್ತದೆ, ಲಿಂಕಿನ ಲಾಭ ಎಲ್ಲೂ ಸೇರುವುದಿಲ್ಲ. ನಿಂತುಹೋದ ಒಂದು ಪುಡಿಯ ಪುಟವನ್ನು ಅದೇ ಬಗೆಯ ಇನ್ನೊಂದು ಪುಡಿಗೆ, ಅದಿಲ್ಲದಿದ್ದರೆ ಅದರ ವಿಭಾಗಕ್ಕೆ ತಿರುಗಿಸಿ. ರಿಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ತೆಗೆಯಲೇಬೇಕಾದ ಕಾರಣವಿಲ್ಲದಿದ್ದರೆ ಹಾಗೆಯೇ ಬಿಡುವುದು ಒಳ್ಳೆಯದು. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಸರಪಳಿ ಬೆಳೆಯದಂತೆ ಹಳೆಯ ವಿಳಾಸವನ್ನು ಕೊನೆಯ ಪುಟಕ್ಕೆ ನೇರವಾಗಿ ಜೋಡಿಸಿ.

ಕನ್ನಡ ಸೈಟುಗಳಿಗೆ ಇಲ್ಲಿ ಒಂದು ಸಮಸ್ಯೆ ಹೆಚ್ಚುವರಿ. ವಿಳಾಸದಲ್ಲಿ ಕನ್ನಡ ಲಿಪಿ ಇದ್ದರೆ ನಕಲು ಮಾಡಿದಾಗ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ಗುಣಿತಾಕ್ಷರದ ಗುರುತೂ ಬೇರೆ ಸಂಕೇತವೇ ಆದ್ದರಿಂದ 'ಕಾಫಿ' ಎಂಬ ಎರಡಕ್ಷರ 36 ಚಿಹ್ನೆಗಳಾಗುತ್ತದೆ. 'ಚಿಕೋರಿ-ಬೆರೆತ-ಕಾಫಿ' ಎಂಬ ಸಣ್ಣ ವಿಳಾಸ 137. ಶೀರ್ಷಿಕೆಯಿಂದ ತಾನೇ ವಿಳಾಸ ಮಾಡುವಾಗ ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಅದನ್ನು 200 ಚಿಹ್ನೆಗಳಿಗೆ ಕತ್ತರಿಸುತ್ತದೆ, ಎಂದರೆ ಸುಮಾರು 22 ಕನ್ನಡ ಸಂಕೇತಗಳಿಗೆ. ಹಾಗಾಗಿ ಉದ್ದದ ಶೀರ್ಷಿಕೆಗಳು ಪದದ ಮಧ್ಯದಲ್ಲೇ ತುಂಡಾಗಿ ನಿಲ್ಲುತ್ತವೆ. ಗೂಗಲ್‌ಗೆ ಕನ್ನಡ ವಿಳಾಸ ಓದಲು ತೊಡಕಿಲ್ಲ. ತೊಡಕು ಲಿಂಕ್ ಕೊಡುವ ಮನುಷ್ಯರಿಗೆ: ಅಷ್ಟುದ್ದದ ವಿಳಾಸ ಅಂಟಿಸುವಾಗ ಕೊನೆ ಕತ್ತರಿಸಿ ಹೋಗುತ್ತದೆ, ಅಥವಾ ಇದೆಲ್ಲ ಬೇಡವೆಂದು ಅವರು ಹೋಮ್ ಪೇಜಿನ ವಿಳಾಸವನ್ನೇ ಹಾಕಿಬಿಡುತ್ತಾರೆ. ಲೇಖನ ಪೂರ್ತಿ ಕನ್ನಡದಲ್ಲಿರಲಿ, ವಿಳಾಸ ಮಾತ್ರ ರೋಮನ್ ಲಿಪಿಯಲ್ಲಿ ಮೂರು ನಾಲ್ಕು ಪದಗಳದ್ದಿರಲಿ ಎಂಬುದು ನಮ್ಮ ಸಲಹೆ. ಹೊಸ ಲೇಖನಗಳಿಂದ ಇದನ್ನು ಶುರು ಮಾಡಿ. ಲಿಂಕ್ ಬಂದಿರುವ ಹಳೆಯ ವಿಳಾಸ ಬದಲಿಸುವುದಾದರೆ 301 ಹಾಕದೆ ಕೈಹಚ್ಚಬೇಡಿ. ವರ್ಡ್‌ಪ್ರೆಸ್ ಪೋಸ್ಟ್‌ಗಳ ಹಳೆಯ ವಿಳಾಸವನ್ನು ನೆನಪಿಟ್ಟು ತಿರುಗಿಸುತ್ತದೆ, ಪೇಜ್‌ಗಳಿಗೆ ಆ ಭರವಸೆ ಇಲ್ಲ.

ಇನ್ನೊಂದು ಸೋರಿಕೆ ನಿಧಾನವಾಗಿ ನಡೆಯುತ್ತದೆ. ಬ್ಲಾಗ್ ಶೈಲಿಯ ಸೈಟಿನಲ್ಲಿ ಹೊಸ ಲೇಖನ ಹೋಮ್ ಪೇಜಿನಲ್ಲಿ ಕಾಣುತ್ತದೆ. ಹತ್ತು ಹೊಸ ಲೇಖನ ಬಂದ ಮೇಲೆ ಎರಡನೇ ಪಟ್ಟಿಗೆ ಇಳಿಯುತ್ತದೆ, ವರ್ಷ ಕಳೆದರೆ ಇಪ್ಪತ್ತನೇ ಪಟ್ಟಿಯಲ್ಲಿರುತ್ತದೆ. ಆಗ ಹೋಮ್ ಪೇಜಿನ ಬಲ ಅಲ್ಲಿಗೆ ಮುಟ್ಟುವುದೇ ಇಲ್ಲ. ಎಂದೂ ಹಳತಾಗದ ಲೇಖನಗಳಿಗೆ ವಿಭಾಗದ ಪುಟದಲ್ಲಿ ಖಾಯಂ ಜಾಗ ಕೊಡಿ. ಹೊಸದೇನಾದರೂ ಬರೆದಾಗ ಅದರಿಂದ ಹಳೆಯದಕ್ಕೆ ಲಿಂಕ್ ಹಾಕುವುದರ ಜೊತೆಗೆ ಹಳೆಯದನ್ನು ತೆರೆದು ಹೊಸದಕ್ಕೂ ಹಾಕಿ. ಯಾವ ಲಿಂಕಿನಿಂದಲೂ ತಲುಪಲಾಗದ, ಗೂಗಲ್‌ಗೆ ಕೊಡುವ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪಿನಲ್ಲಿ ಮಾತ್ರ ಇರುವ ಅನಾಥ ಪುಟಗಳೂ ಹೀಗೆ ಹುಡುಕಿದರೆ ಸಿಗುತ್ತವೆ. ಒತ್ತಿದರೆ ಜಾವಾಸ್ಕ್ರಿಪ್ಟ್‌ನಿಂದ ತೆರೆದುಕೊಳ್ಳುವ, ಒಳಗೆ ನಿಜವಾದ ವಿಳಾಸವೇ ಇಲ್ಲದ ಬಟನ್‌ಗಳನ್ನು ಗೂಗಲ್ ಲಿಂಕ್ ಎಂದು ಎಣಿಸುವುದಿಲ್ಲ. ಮೆನು ಹಾಗಿದ್ದರೆ ಡೆವಲಪರ್ ಜೊತೆ ಮಾತಾಡಿ ಸರಿಪಡಿಸಿಕೊಳ್ಳಿ.

ಹೋಮ್ ಪೇಜಿನಲ್ಲಿ ನೋಡಬೇಕಾದದ್ದು ಒಂದೇ: ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಮತ್ತು ಇಲ್ಲದ, ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ರೂಪಗಳೆಲ್ಲ 301 ಮೂಲಕ ಒಂದೇ ವಿಳಾಸಕ್ಕೆ ಬಂದು ಸೇರುತ್ತವೆಯೇ ಎಂಬುದು.

ಕೆಲಸ ಶುರು ಮಾಡುವ ಕ್ರಮ

ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ ಉಚಿತ, ಅಷ್ಟೇ ಸಾಕು. ಅದರ ಲಿಂಕ್ಸ್ ವರದಿಯಲ್ಲಿ ಹೊರಗಿನ ಲಿಂಕ್ ಹೆಚ್ಚು ಪಡೆದ ಪುಟಗಳ ಪಟ್ಟಿ ಇದೆ, ಒಳಗಿನ ಲಿಂಕ್‌ಗಳ ಪಟ್ಟಿಯೂ ಇದೆ. ಎರಡನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡು ಅಕ್ಕಪಕ್ಕ ಇಡಿ. ಹೊರಗಿನಿಂದ ಲಿಂಕ್ ಬಂದಿರುವ ಪುಟಗಳಲ್ಲಿ ಯಾವುದು ಈಗ 404 ಎಂದು ಮೊದಲು ನೋಡಿ ಸರಿಪಡಿಸಿ. ಎಲ್ಲಕ್ಕಿಂತ ಬೇಗ ಫಲ ಕೊಡುವ ಕೆಲಸ ಅದು. ಲಿಂಕ್‌ಗಳ ಒಟ್ಟು ಸಂಖ್ಯೆಯನ್ನು ನೆಚ್ಚಬೇಡಿ. ಒಂದೇ ಸೈಟಿನ ಅಡಿಭಾಗದಲ್ಲಿ ನಿಮ್ಮ ಹೆಸರಿದ್ದರೆ ಅದರ ಸಾವಿರಾರು ಪುಟಗಳೂ ಹೋಮ್ ಪೇಜಿನ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಎಷ್ಟು ಬೇರೆ ಬೇರೆ ಸೈಟುಗಳಿಂದ ಬಂದಿದೆ ಎಂಬ ಅಂಕಣ ನೋಡಿ.

ಆಮೇಲೆ ಪರ್ಫಾರ್ಮೆನ್ಸ್ ವರದಿಯಲ್ಲಿ ಕಳೆದ ಮೂರು ತಿಂಗಳ ಸರಾಸರಿ ಸ್ಥಾನ 5ರಿಂದ 15ರ ನಡುವೆ ಇರುವ, ವ್ಯವಹಾರಕ್ಕೆ ಬೇಕಾದ ಪುಟಗಳನ್ನು ಆರಿಸಿ. ಐವತ್ತನೇ ಸ್ಥಾನದಲ್ಲಿರುವ ಪುಟಕ್ಕೆ ಸಾಮಾನ್ಯವಾಗಿ ಲಿಂಕಿಗಿಂತ ಮೊದಲು ಬೇರೇನೋ ಕೊರತೆ ಇರುತ್ತದೆ: ವಿಷಯ ತೆಳುವಾಗಿರಬಹುದು, ಹುಡುಕುವವರಿಗೆ ಬೇಕಾದದ್ದೇ ಅಲ್ಲಿ ಇರದಿರಬಹುದು. ಆರಿಸಿದ ಪುಟಗಳಿಗೆ ಈಗಾಗಲೇ ಲಿಂಕ್ ಗಳಿಸಿರುವ ನಿಮ್ಮದೇ ಲೇಖನಗಳಿಂದ ಒಳಲಿಂಕ್ ಹಾಕಿ, ನಾಲ್ಕರಿಂದ ಆರು ವಾರ ಬಿಡಿ. ಸ್ಥಾನ ಕದಲದಿದ್ದರೆ ಆಗ ಹೊರಗಿನ ಲಿಂಕಿಗೆ ಹೊರಡಿ. ನಿಮ್ಮ ಲೇಖನದ ಮಾಹಿತಿ ಬಳಸಿಯೂ ಲಿಂಕ್ ಕೊಡದವರಿಗೆ ಬರೆಯಿರಿ. ಹೋಮ್ ಪೇಜಿಗೆ ಲಿಂಕ್ ಕೊಟ್ಟು ಮಾತಾಡುತ್ತಿರುವುದು ಚಿಕೋರಿ ಲೇಖನದ ಬಗ್ಗೆಯಾದರೆ, ಅವರ ಓದುಗರಿಗೆ ಸರಿಯಾದ ಪುಟ ಇದು ಎಂದು ತಿಳಿಸಿ ವಿಳಾಸ ಬದಲಿಸಲು ಕೇಳಿ. ಹೊಸ ಲಿಂಕ್ ಕೇಳುವುದಕ್ಕಿಂತ ಇದಕ್ಕೆ ಒಪ್ಪಿಗೆ ಸಿಗುವುದು ಸುಲಭ.

ವಾಟ್ಸಾಪ್‌ನಲ್ಲಿ ಹರಿದಾಡಿದ ಲಿಂಕ್ ಓದುಗರನ್ನು ತರುತ್ತದೆ, ಆದರೆ ಆ ಸಂದೇಶಗಳನ್ನು ಗೂಗಲ್ ನೋಡುವುದಿಲ್ಲ. ವಿಕಿಪೀಡಿಯಾದ ಹೊರಲಿಂಕ್‌ಗಳೆಲ್ಲ ನೋಫಾಲೋ. 2019ರ ಸೆಪ್ಟೆಂಬರಿನಲ್ಲಿ ನೋಫಾಲೋವನ್ನು ಕಟ್ಟಪ್ಪಣೆಯ ಬದಲು ಸುಳಿವಾಗಿ ಪರಿಗಣಿಸುವುದಾಗಿ ಗೂಗಲ್ ಹೇಳಿತಾದರೂ ಅದನ್ನು ನೆಚ್ಚಿ ಅಲ್ಲಿ ಲಿಂಕ್ ತುರುಕುವುದು ತಪ್ಪು. ವಿಶ್ವಕೋಶವನ್ನು ಜಾಹೀರಾತಾಗಿ ಬಳಸಿದಂತಾಗುತ್ತದೆ, ಸಂಪಾದಕರು ತೆಗೆದೂ ಹಾಕುತ್ತಾರೆ.

ಲಿಂಕ್ ಬಂದ ದಿನ, ಬಂದ ಪುಟ, ಆಗಿನ ಸರಾಸರಿ ಸ್ಥಾನ ಇಷ್ಟನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ಲಿಂಕ್ ಕೊಟ್ಟ ಪುಟವನ್ನು ಗೂಗಲ್ ಮತ್ತೆ ಬಂದು ಓದಿದ ಮೇಲೆಯೇ ಅದು ಲೆಕ್ಕಕ್ಕೆ ಸೇರುವುದರಿಂದ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ ಲಿಂಕ್ ಕೊಟ್ಟ ಪುಟದ ಒಂದು ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಆ ಪುಟ ಫಲಿತಾಂಶದಲ್ಲಿ ಕಾಣದಿದ್ದರೆ ಅದು ಬಹುಶಃ ಗೂಗಲ್‌ನ ಪುಟಗಳ ಸಂಗ್ರಹವಾದ ಇಂಡೆಕ್ಸಿಗೇ ಸೇರಿಲ್ಲ. ಅಲ್ಲಿಂದ ಬಂದ ಲಿಂಕ್ ಹೋಮ್ ಪೇಜಿಗಾಗಲಿ, ಒಳಪುಟಕ್ಕಾಗಲಿ ಏನನ್ನೂ ಕೊಡುವುದಿಲ್ಲ.